ಮುಗ್ಗಲು ವಾಸನೆಗೆ ಎಷ್ಟು ಕಿಲೋ ಹರಳು?

ಮನೆ ಮತ್ತು ಗಾಳಿ: ಓದುಗರ ಪ್ರಶ್ನೆ, ತಜ್ಞರ ಉತ್ತರ

ತೇವ ಹೀರುವ ವಸ್ತುಗಳನ್ನು ಇಟ್ಟರೆ ಮನೆಯೊಳಗಿನ ಗಾಳಿ ಶುದ್ಧವಾಗುತ್ತದೆಯೇ ಎಂದು ಕೇಳಿ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಈ ಮಳೆಗಾಲದಲ್ಲಿ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆರಿಸಿದ್ದೇವೆ.

ಪ್ರಶ್ನೆ: ನಮ್ಮದು 10×12 ಅಡಿಯ ಮಲಗುವ ಕೋಣೆ. ಆಗಸ್ಟ್ ಬಂತೆಂದರೆ ಮುಗ್ಗಲು ವಾಸನೆ, ಕಪಾಟಿನ ಬಟ್ಟೆಗೂ ಅದೇ ವಾಸನೆ. ಮಗನಿಗೆ ಬೆಳಿಗ್ಗೆ ಎದ್ದ ಕೂಡಲೇ ಸೀನು. ಸಿಲಿಕಾ ಜೆಲ್ ಎಂಬ ತೇವ ಹೀರುವ ಹರಳು ಇಟ್ಟರೆ ತೇವಾನೂ ಹೋಗುತ್ತದೆ, ಗಾಳಿಯೂ ಶುದ್ಧವಾಗುತ್ತದೆ ಅಂತ ಮೊಬೈಲಿನಲ್ಲಿ ನೋಡಿದೆ. ಎಷ್ಟು ಕಿಲೋ ತರಿಸಲಿ?
– ಗೃಹಿಣಿ, ಬಳ್ಳಾರಿ

ಉತ್ತರ: ಕೋಣೆಗೆ ತರಿಸಬೇಡಿ. ಕಪಾಟಿಗೆ ಅರ್ಧ ಕಿಲೋ ಸಾಕು.

ಲೆಕ್ಕ ನೋಡಿ. 10 ಅಡಿ ಎತ್ತರದ ನಿಮ್ಮ ಕೋಣೆಯಲ್ಲಿ ಸುಮಾರು 34 ಘನ ಮೀಟರ್ ಗಾಳಿ ಇದೆ. 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆರ್ದ್ರತೆ 80% ಇದ್ದರೆ ಆ ಗಾಳಿಯಲ್ಲಿ ಆವಿಯಾಗಿ ಇರುವ ನೀರು ಸುಮಾರು 740 ಗ್ರಾಂ. ಆರ್ದ್ರತೆಯನ್ನು 55%ಕ್ಕೆ ಇಳಿಸಲು 230 ಗ್ರಾಂ ನೀರು ತೆಗೆದರೆ ಆಯಿತು. ಆ ಮಟ್ಟದ ಆರ್ದ್ರತೆಯಲ್ಲಿ ಸಿಲಿಕಾ ಜೆಲ್ ತನ್ನ ತೂಕದ ಕಾಲು ಭಾಗದಷ್ಟು ನೀರು ಹಿಡಿಯುತ್ತದೆ, ಅಂದರೆ ಒಂದು ಕಿಲೋ ಸಾಕು ಎನ್ನಿಸುತ್ತದೆ. ಆದರೆ ಮಲಗಿದ ಒಬ್ಬ ಮನುಷ್ಯ ಉಸಿರು ಮತ್ತು ಬೆವರಿನಿಂದ ಗಂಟೆಗೆ ಸುಮಾರು 40 ಗ್ರಾಂ ನೀರು ಹೊರಹಾಕುತ್ತಾನೆ. ಇಬ್ಬರು ಎಂಟು ಗಂಟೆ ಮಲಗಿದರೆ 640 ಗ್ರಾಂ. ಬಾಗಿಲ ಸಂದಿಯಿಂದ ಬರುವ ಹೊರಗಿನ ಹಸಿ ಗಾಳಿಯನ್ನು ಇದರಲ್ಲಿ ಸೇರಿಸಿಲ್ಲ. ಪ್ರತಿ ರಾತ್ರಿ ಮೂರು ಕಿಲೋ ಹರಳು ಇಟ್ಟು, ಬೆಳಿಗ್ಗೆ ಅಷ್ಟನ್ನೂ ಹುರಿದು ಒಣಗಿಸುವ ಕೆಲಸ ಯಾರು ಮಾಡುತ್ತಾರೆ?

ಕಪಾಟಿನ ಮಾತು ಬೇರೆ. 6×3×2 ಅಡಿಯ ಕಪಾಟಿನಲ್ಲಿರುವುದು ಒಂದು ಘನ ಮೀಟರ್ ಗಾಳಿ, ಅದರಲ್ಲಿ ತೆಗೆಯಬೇಕಾದ ನೀರು ಏಳು ಗ್ರಾಂ. ಅಲ್ಲಿ ತೇವ ಕೂತಿರುವುದು ಗಾಳಿಯಲ್ಲಲ್ಲ, ಬಟ್ಟೆಯಲ್ಲಿ. 20 ಕಿಲೋ ಹತ್ತಿ ಬಟ್ಟೆ 80% ಆರ್ದ್ರತೆಯಿಂದ 55%ಕ್ಕೆ ಇಳಿಯಬೇಕಾದರೆ ಅರ್ಧ ಕಿಲೋಗೂ ಹೆಚ್ಚು ನೀರು ಬಿಡಬೇಕು. ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ, ಗೊತ್ತಾಗುವುದಿಲ್ಲ. ಹಾಗಾಗಿ ಬಟ್ಟೆ ಒಣಗಿಸದೆ ಹರಳು ಇಟ್ಟರೆ ಎರಡೇ ದಿನಕ್ಕೆ ಹರಳು ತುಂಬಿ ಕೂರುತ್ತದೆ. ಜನ ಅದನ್ನು ಕಳಪೆ ಮಾಲು ಎಂದು ಬೈಯುತ್ತಾರೆ.

ಮೊದಲು ಕಪಾಟು ಪೂರ್ತಿ ಖಾಲಿ ಮಾಡಿ. ಬಟ್ಟೆ, ಕೌದಿ, ರೇಷ್ಮೆ ಸೀರೆ ಎಲ್ಲ ಬಿಸಿಲು ಬಿದ್ದ ದಿನ ಒಣಗಲಿ. ರೇಷ್ಮೆಗೆ ನೆರಳಿನ ಗಾಳಿ ಸಾಕು. ಬಿಸಿ ಆರಿದ ಮೇಲೆ ಒಳಗಿಡಿ. ಹಲಗೆಗಳನ್ನು ಸೋಪಿನ ನೀರಿನ ಬಟ್ಟೆಯಿಂದ ಒರೆಸಿ ಒಣಗಿಸಿ. ಬೂಷ್ಟನ್ನು ಒಣ ಬಟ್ಟೆಯಲ್ಲಿ ಜಾಡಿಸಿದರೆ ಅದರ ಕಣಗಳು ಕೋಣೆ ತುಂಬಾ ಹರಡುತ್ತವೆ. 500 ಗ್ರಾಂ ಹರಳನ್ನು ಎರಡು ಹತ್ತಿ ಚೀಲಗಳಲ್ಲಿ ಕಟ್ಟಿ, ಒಂದನ್ನು ಕೆಳಗಿನ ಖಾನೆಯಲ್ಲೂ ಇನ್ನೊಂದನ್ನು ಮೇಲಿನ ಖಾನೆಯಲ್ಲೂ ಇಡಿ. ಬಾಗಿಲ ಸಂದಿಗೆ ಸ್ಪಂಜಿನ ಪಟ್ಟಿ ಹಚ್ಚಿ. ಕಪಾಟು ಹೊರಗೋಡೆಗೆ ತಾಗಿದ್ದರೆ ಮೂರು ಇಂಚು ಮುಂದಕ್ಕೆ ಸರಿಸಿ.

ಪ್ರತಿ ಚೀಲದ ಹರಳನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಳ್ಳಿ. 250 ಗ್ರಾಂ ಇದ್ದದ್ದು 300 ದಾಟಿದರೆ ಒಣಗಿಸುವ ಹೊತ್ತಾಯಿತು. ಅದಕ್ಕೆಂದೇ ಇಟ್ಟ ದಪ್ಪ ತಳದ ಬಾಣಲೆಯಲ್ಲಿ ಒಂದು ಇಂಚಿಗಿಂತ ತೆಳುವಾಗಿ ಹರಡಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕೈಯಾಡಿಸಿ. ಓವನ್ ಇದ್ದರೆ 120 ಡಿಗ್ರಿಯಲ್ಲಿ ಎರಡು ಗಂಟೆ. ತೂಕ ಮೊದಲಿನ 250ಕ್ಕೆ ಬಂದರೆ ಒಣಗಿದೆ ಎಂದರ್ಥ. ಉರಿ ಜೋರಾದರೆ ಹರಳು ಚಟಪಟ ಒಡೆದು ಪುಡಿಯಾಗುತ್ತದೆ, ತೇವ ತುಂಬಿದಾಗ ಬಣ್ಣ ಬದಲಿಸುವ ಹರಳಾದರೆ ಬಣ್ಣವೂ ಸುಟ್ಟು ಹೋಗುತ್ತದೆ. ಇಳಿಸಿದ ಮೇಲೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲೇ ಆರಬೇಕು. ತಟ್ಟೆಯಲ್ಲಿ ಆರಲು ಬಿಟ್ಟರೆ ಕೋಣೆಯ ತೇವವನ್ನು ಅಲ್ಲೇ ಕುಡಿಯಲು ಶುರು ಮಾಡುತ್ತದೆ. ಬಿಸಿಲಿಗೆ ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಬಳ್ಳಾರಿಯ ಏಪ್ರಿಲ್ ಬಿಸಿಲಿಗೆ ತಗಡಿನ ಮೇಲೆ ಹರಡಿದರೆ ಸಾಕಷ್ಟು ಒಣಗುತ್ತದೆ, ಆದರೆ ಏಪ್ರಿಲ್‌ನಲ್ಲಿ ನಮಗೆ ಹರಳೇ ಬೇಕಿರುವುದಿಲ್ಲ. ಬೇಕಾದ ಆಗಸ್ಟ್‌ನಲ್ಲಿ ಆ ಬಿಸಿಲು ಇರುವುದಿಲ್ಲ.

ಬಣ್ಣದ್ದನ್ನು ಕೊಳ್ಳುವುದಾದರೆ ಕಿತ್ತಳೆ ಬಣ್ಣದ್ದು ತನ್ನಿ. ನೀಲಿ ಹರಳಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದರ ಧೂಳು ಉಸಿರಿನಲ್ಲಿ ಹೋದರೆ ಕ್ಯಾನ್ಸರ್ ತರಬಹುದು. ಮಕ್ಕಳಿರುವ ಮನೆಗೆ ಬೇಡ.

ಇನ್ನು ‘ಗಾಳಿ ಶುದ್ಧ’ ಎಂಬ ಮಾತು. ಆರ್ದ್ರತೆ 60%ಕ್ಕಿಂತ ಕೆಳಗಿದ್ದರೆ ಬೂಷ್ಟು ಬೆಳೆಯುವುದು ಕಷ್ಟ, 50%ಕ್ಕಿಂತ ಕೆಳಗೆ ಹಾಸಿಗೆಯ ಧೂಳಿನ ನುಸಿಗಳು ಬದುಕುವುದು ಕಷ್ಟ. ಮಗನ ಸೀನಿಗೆ ಇವೆರಡರಲ್ಲಿ ಒಂದು ಕಾರಣ ಇರಬಹುದು. ಹರಳಿನ ಉಪಕಾರ ಅಷ್ಟೇ: ಮಾಲಿನ್ಯ ಹುಟ್ಟುವುದನ್ನು ತಡೆಯುತ್ತದೆ, ಹುಟ್ಟಿದ್ದನ್ನು ಹೀರುವುದಿಲ್ಲ. ಹೊಗೆ, ಧೂಳು, ಕಾರ್ಬನ್ ಮಾನಾಕ್ಸೈಡ್ ಯಾವುದಕ್ಕೂ ಅದು ಮದ್ದಲ್ಲ. ಕೋಣೆಗೆ ಬೇಕಿರುವುದು ಎದುರುಬದುರು ಕಿಟಕಿ. ಮಳೆ ಬಿಟ್ಟ ಮಧ್ಯಾಹ್ನ ಒಂದೆರಡು ಗಂಟೆ ಎರಡನ್ನೂ ತೆರೆದು ಫ್ಯಾನ್ ಹಾಕಿ. ಏಸಿ ಇದ್ದರೆ ‘ಡ್ರೈ’ ಎಂಬ ಗುಂಡಿ ಇರುತ್ತದೆ, ಯಾರೂ ಒತ್ತುವುದಿಲ್ಲ. ಅದು ಗಂಟೆಯಲ್ಲಿ ತೆಗೆಯುವ ನೀರನ್ನು ಹರಳಿನ ಚೀಲ ವಾರದಲ್ಲೂ ತೆಗೆಯದು. ಇಷ್ಟಾದ ಮೇಲೂ ಸೀನು ನಿಲ್ಲದಿದ್ದರೆ ಮಗನನ್ನು ವೈದ್ಯರಿಗೆ ತೋರಿಸಿ.

ಪ್ರಶ್ನೆ: ನಮ್ಮ ಊರ ರೈಸ್‌ಮಿಲ್ಲುಗಳಲ್ಲಿ ಭತ್ತದ ಹೊಟ್ಟಿನ ಬೂದಿ ರಾಶಿ ರಾಶಿ ಬಿದ್ದಿರುತ್ತದೆ. ಅದರಲ್ಲೂ ಸಿಲಿಕಾನೇ ಇದೆಯಂತೆ. ಪುಕ್ಕಟೆ ಸಿಗುವುದನ್ನು ಚೀಲದಲ್ಲಿ ತುಂಬಿ ಮನೆಯಲ್ಲಿ ಇಡಬಹುದಲ್ಲವೇ?
– ಓದುಗರು, ಗಂಗಾವತಿ

ಉತ್ತರ: ಬೂದಿಯ ಬಹುಪಾಲು ಸಿಲಿಕಾ ಎಂಬುದು ನಿಜ. ಆದರೆ ಸಿಲಿಕಾ ಜೆಲ್ ತೇವ ಹಿಡಿಯುವುದು ಅದರೊಳಗೆ ತುಂಬಿರುವ ಅತಿ ಸಣ್ಣ ರಂಧ್ರಗಳಿಂದ. ಬಾಯ್ಲರಿನಲ್ಲಿ ಉರಿದ ಹೊಟ್ಟಿನ ಬೂದಿಯಲ್ಲಿ ಅಂಥ ರಂಧ್ರಗಳು ಕಡಿಮೆ, ಹಾಗಾಗಿ ಅದು ಹೀರುವ ನೀರೂ ಕಡಿಮೆ. ಅದಕ್ಕಿಂತ ದೊಡ್ಡ ತೊಂದರೆ ಅದರ ಧೂಳು. ಹೆಚ್ಚು ಶಾಖದಲ್ಲಿ ಉರಿದಾಗ ಸಿಲಿಕಾದ ಒಂದು ಭಾಗ ಸ್ಫಟಿಕ ರೂಪಕ್ಕೆ ತಿರುಗುತ್ತದೆ. ಆ ಧೂಳು ವರ್ಷಗಟ್ಟಲೆ ಉಸಿರಿಗೆ ಹೋದರೆ ಬರುವುದೇ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ. ಹತ್ತಿ ಚೀಲ ಅದನ್ನು ತಡೆಯುವುದಿಲ್ಲ. ಗಾಳಿ ಶುದ್ಧ ಮಾಡಲು ಹೋಗಿ ಗಾಳಿಗೇ ಧೂಳು ಬೆರೆಸಿದಂತೆ. ಬೇಡ.

ಪುಕ್ಕಟೆಯದ್ದೇ ಬೇಕಾದರೆ ಬಳ್ಳಾರಿ ಜಾಲಿಯ ಇದ್ದಿಲು ಇದೆ. ಗಟ್ಟಿ ತುಂಡುಗಳನ್ನು ಆರಿಸಿ, ಪುಡಿ ಹೋಗುವಂತೆ ತೊಳೆದು, ಎರಡು ಬಿಸಿಲು ಒಣಗಿಸಿ, 250 ಗ್ರಾಂನಷ್ಟನ್ನು ಚೀಲದಲ್ಲಿ ಕಟ್ಟಿ ಚಪ್ಪಲಿ ಕಪಾಟಿನಲ್ಲಿ ಇಡಿ. ವಾಸನೆ ತಗ್ಗುತ್ತದೆ, ತೇವ ಮಾತ್ರ ಹೆಚ್ಚೇನೂ ತಗ್ಗುವುದಿಲ್ಲ. ಅಂಗಡಿಯಲ್ಲಿ ಸಿಗುವ, ಒಳಗೆಲ್ಲ ಸಣ್ಣ ರಂಧ್ರ ಮಾಡಿದ ಸಕ್ರಿಯ ಇದ್ದಿಲಿನ (ಆಕ್ಟಿವೇಟೆಡ್ ಕಾರ್ಬನ್) ಒಂದು ಗ್ರಾಮಿನೊಳಗೆ 500 ಚದರ ಮೀಟರಿಗೂ ಮೀರಿದ ಮೇಲ್ಮೈ ಇರುತ್ತದೆ, ಸೌದೆಯ ಇದ್ದಿಲಿಗೆ ಅದರ ಹತ್ತಿರಕ್ಕೂ ಬರಲಾಗದು. ಹಾಗೆಂದು ಸಕ್ರಿಯ ಇದ್ದಿಲನ್ನೂ ಹಸಿ ಜಾಗದಲ್ಲಿ ಇಟ್ಟರೆ ಫಲವಿಲ್ಲ. ಆರ್ದ್ರತೆ ಏರಿದಾಗ ರಂಧ್ರಗಳಲ್ಲಿ ನೀರೇ ಕೂತು, ವಾಸನೆಯ ಅನಿಲಗಳಿಗೆ ಜಾಗ ಉಳಿಯುವುದಿಲ್ಲ.

ಪ್ರಶ್ನೆ: ಕಾಲುವೆ ಪಕ್ಕದ ಊರು, ಎರೆ ನೆಲ. ನಡುಮನೆಯ ಗೋಡೆ ನೆಲದಿಂದ ಎರಡೂವರೆ ಅಡಿವರೆಗೆ ಸದಾ ಹಸಿ, ಉಪ್ಪು ಕಾರುತ್ತದೆ, ಪ್ಲಾಸ್ಟರ್ ಉದುರುತ್ತದೆ. ತೇವ ಹೀರುವ ಡಬ್ಬಿಗಳನ್ನು ಇಟ್ಟಿದ್ದೇವೆ. ವಾರಕ್ಕೊಮ್ಮೆ ನೀರು ತುಂಬುತ್ತದೆ, ಆದರೆ ಗೋಡೆ ಮಾತ್ರ ಹಾಗೇ ಇದೆ. ಇನ್ನೂ ಹೆಚ್ಚು ಡಬ್ಬಿ ಇಡಬೇಕೇ?
– ರೈತರು, ಸಿಂಧನೂರು ತಾಲ್ಲೂಕು

ಉತ್ತರ: ಡಬ್ಬಿಯಲ್ಲಿರುವುದು ಕ್ಯಾಲ್ಸಿಯಂ ಕ್ಲೋರೈಡ್. ಅದು ತನ್ನ ತೂಕದ ಎರಡು ಪಟ್ಟಿನಷ್ಟು ನೀರು ಎಳೆದು ತಾನೇ ಕರಗಿ ನೀರಾಗುತ್ತದೆ. ಡಬ್ಬಿ ತುಂಬಿತೆಂದರೆ ಕೆಲಸ ಆಯಿತು ಎಂದು ನಮಗೆ ಅನ್ನಿಸುತ್ತದೆ. ಆದರೆ ನಿಮ್ಮ ಗೋಡೆ ನೆಲದಿಂದ ನೀರು ಎಳೆದು ಕೋಣೆಗೆ ಬಿಡುತ್ತಲೇ ಇದೆ, ಡಬ್ಬಿ ಕುಡಿಯುತ್ತಿರುವುದು ಅದನ್ನೇ. ತುಂಗಭದ್ರಾ ಕಾಲುವೆಯ ಅಚ್ಚುಕಟ್ಟಿನಲ್ಲಿ ಸವಳು–ಜವಳಿನ (ನೆಲ ಉಪ್ಪಾಗುವ, ನೀರು ನಿಲ್ಲುವ) ತೊಂದರೆ ಹೊಲಕ್ಕಷ್ಟೇ ಸೀಮಿತವಲ್ಲ. ಅಂತರ್ಜಲ ಮೇಲಿರುವ ಕಡೆ ಅದೇ ಉಪ್ಪುನೀರು ಮನೆಯ ಗೋಡೆಯನ್ನೂ ಏರುತ್ತದೆ.

ಖಾತ್ರಿ ಮಾಡಿಕೊಳ್ಳಲು ಒಂದು ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಚ್ಚಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹಿಂಬದಿ ಹನಿ ಕಟ್ಟಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಮುಂಬದಿ ಹನಿ ಇದ್ದರೆ ಕೋಣೆಯ ಗಾಳಿಯ ತೇವ.

ಹಿಂಬದಿ ಎಂದಾದರೆ ಕೆಲಸ ಹೊರಗಿನಿಂದ ಶುರುವಾಗಬೇಕು. ಬಚ್ಚಲ ನೀರು, ಮಾಳಿಗೆಯ ಪೈಪಿನ ನೀರು ಅಡಿಪಾಯದ ಬುಡದಲ್ಲಿ ನಿಲ್ಲದಂತೆ ದೂರ ಸಾಗಿಸಿ. ಗೋಡೆಯ ಸುತ್ತ ಮೂರು ಅಡಿ ಅಗಲ, ಹೊರಕ್ಕೆ ಇಳಿಜಾರಾಗಿ ಕಾಂಕ್ರೀಟ್ ಪಟ್ಟಿ ಹಾಕಿಸಿ. ಎರೆ ನೆಲ ನೀರು ಕುಡಿದು ಉಬ್ಬಿ, ಒಣಗಿ ಬಿರುಕು ಬಿಡುವುದನ್ನೂ ಅದು ತಗ್ಗಿಸುತ್ತದೆ. ಒಳಗೆ, ಹಸಿ ಗುರುತಿಗಿಂತ ಒಂದು ಅಡಿ ಮೇಲಿನವರೆಗೆ ಸಿಮೆಂಟ್ ಪ್ಲಾಸ್ಟರ್ ಕೆತ್ತಿಸಿ. ಬಿಳಿ ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ, ಗುಡಿಸಿ ಹೊರಗೆ ಚೆಲ್ಲಿ. ಮೂಗಿಗೆ ಮಾಸ್ಕ್ ಇರಲಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಇಟ್ಟಿಗೆಯೊಳಗೇ ಹೋಗುತ್ತದೆ. ಮಾರ್ಚ್‌ನಿಂದ ಮೇವರೆಗೆ ಗೋಡೆ ಬರಿದಾಗಿಯೇ ಇರಲಿ. ನಮ್ಮ ಬಿರು ಬೇಸಿಗೆಗಿಂತ ಒಳ್ಳೆಯ ತೇವಹಾರಿ ಯಾವ ಅಂಗಡಿಯಲ್ಲೂ ಸಿಗದು. ಆಮೇಲೆ ಸುಣ್ಣ–ಮರಳು 1:3ರ ಗಾರೆ. ಗಾರೆ ಉಸಿರಾಡುತ್ತದೆ, ಉಪ್ಪು ಬಂದರೂ ಅದು ಹಾಳಾದಾಗ ತೆಗೆದು ಮತ್ತೆ ಹಚ್ಚಬಹುದು. ಟೈಲ್ಸ್ ಹಚ್ಚಿ ಮುಚ್ಚಿಬಿಡಿ ಎಂದು ಮೇಸ್ತ್ರಿ ಹೇಳಬಹುದು. ಹಚ್ಚಿದರೆ ಪಸೆ ಟೈಲ್ಸಿನ ಮೇಲಂಚಿನಲ್ಲಿ, ನಾಲ್ಕಡಿ ಎತ್ತರದಲ್ಲಿ ಕಾಣಿಸಿಕೊಳ್ಳುತ್ತದೆ.

ಡಬ್ಬಿಯ ನೀರು ಬರೀ ನೀರಲ್ಲ, ಗಾಢ ಉಪ್ಪುದ್ರಾವಣ. ತಿಜೋರಿ, ಕಬ್ಬಿಣದ ಟ್ರಂಕಿನ ಮೇಲೆ ಚೆಲ್ಲಿದರೆ ತುಕ್ಕು, ಚರ್ಮದ ಚೀಲಕ್ಕೆ ತಾಗಿದರೆ ಚರ್ಮ ಸುಕ್ಕು. ಗಿಡಕ್ಕೆ ಹಾಕಬೇಡಿ. ಒಂದು ಬಕೆಟ್ ನೀರಿನ ಜೊತೆ ಶೌಚಾಲಯಕ್ಕೆ ಸುರಿಯಿರಿ. ಮಕ್ಕಳ ಕೈಗೆ ಸಿಗದಿರಲಿ.

ಪ್ರಶ್ನೆ: ನಮ್ಮದು ಮಣ್ಣಿನ ಗೋಡೆಯ ಹಳೆ ಮಾಳಿಗೆ ಮನೆ. ಮಗ ಸಿಮೆಂಟ್ ಬಳಿದು ಪ್ಲಾಸ್ಟಿಕ್ ಪೇಂಟ್ ಹೊಡೆಸೋಣ ಎನ್ನುತ್ತಾನೆ. ಮಣ್ಣಿನ ಗೋಡೆ ಗಾಳಿಗೆ ಒಳ್ಳೆಯದು ಅನ್ನುತ್ತಾರಲ್ಲ, ಅದು ನಿಜವೇ?
– ಓದುಗರು, ಯಲಬುರ್ಗಾ ತಾಲ್ಲೂಕು

ಉತ್ತರ: ತೇವದ ಮಟ್ಟಿಗೆ ನಿಜ. ಹರಳು ಮಾಡಲಾಗದ ಕೆಲಸವನ್ನು ಗೋಡೆ ಮಾಡುತ್ತದೆ, ಏಕೆಂದರೆ ಗೋಡೆಯ ಅಳತೆ ದೊಡ್ಡದು. 10×12 ಅಡಿಯ ಕೋಣೆಯ ನಾಲ್ಕು ಗೋಡೆ ಸೇರಿ 400 ಚದರ ಅಡಿಗೂ ಹೆಚ್ಚು. ರಾತ್ರಿ ಉಸಿರಿನ ತೇವವನ್ನು ಮಣ್ಣು ಹೀರಿ, ಹಗಲು ಗಾಳಿ ಆಡಿದಾಗ ಬಿಡುತ್ತದೆ. ಹುರಿಯುವುದು ಬೇಡ, ತೂಗುವುದು ಬೇಡ. ಒಂದು ದಿನದ ಏರಿಳಿತದಲ್ಲಿ ಕೆಲಸ ಮಾಡುವುದು ಮೇಲಿನ ಒಂದೆರಡು ಸೆಂಟಿಮೀಟರ್ ಪದರ ಮಾತ್ರ. ಆದ್ದರಿಂದ ಗೋಡೆ ಎಷ್ಟು ದಪ್ಪ ಎನ್ನುವುದಕ್ಕಿಂತ ಅದರ ಮೈಮೇಲೆ ಏನು ಬಳಿದಿದ್ದೀರಿ ಎನ್ನುವುದೇ ಮುಖ್ಯ. ಪ್ಲಾಸ್ಟಿಕ್ ಪೇಂಟ್, ಆಯಿಲ್ ಪೇಂಟ್ ಬಳಿದ ದಿನವೇ ಆ ಗುಣ ಮುಗಿಯಿತು. ಮಣ್ಣಿನ ಮೇಲೆ ಸಿಮೆಂಟ್ ಹಿಡಿಯುವುದೂ ಇಲ್ಲ. ಎರಡೂ ಹಿಗ್ಗಿ ಕುಗ್ಗುವ ರೀತಿ ಬೇರೆ, ನಡುವೆ ತೇವ ಸಿಕ್ಕಿಕೊಂಡು ಕೆಲವು ಮಳೆಗಾಲದಲ್ಲಿ ಹಪ್ಪಳವಾಗಿ ಏಳುತ್ತದೆ.

ಗೋಡೆ ದುರಸ್ತಿ ಬೇಕಿದ್ದರೆ ಮಣ್ಣಿನ ಗಿಲಾವನ್ನೇ ಮಾಡಿಸಿ. ಎರೆ ಮಣ್ಣು ಬೇಡ, ಒಣಗಿದಾಗ ಬಿರಿಯುತ್ತದೆ. ಜಿಗುಟಿರುವ ಕೆಂಪು ಮಣ್ಣು ಒಂದು ಪಾಲು, ಜರಡಿ ಹಿಡಿದ ಮರಳು ಎರಡರಿಂದ ಮೂರು ಪಾಲು, ಒಂದು ಇಂಚಿಗೆ ಕತ್ತರಿಸಿದ ಹುಲ್ಲು ಒಂದು ಪಾಲಿಗಿಂತ ಕಡಿಮೆ. ನೀರು ಹಾಕಿ ತುಳಿದು ಎರಡು ಮೂರು ದಿನ ಕೊಳೆಯಲು ಬಿಡಬೇಕು. ಮೊದಲು ಗೋಡೆಯ ಒಂದು ಮೂಲೆಯಲ್ಲಿ ಒಂದು ಚದರ ಅಡಿ ಬಳಿದು ಒಣಗಿಸಿ ನೋಡಿ. ಬಿರುಕು ಬಿಟ್ಟರೆ ಮರಳು ಹೆಚ್ಚಿಸಿ, ಬೆರಳಿಗೆ ಪುಡಿ ಹತ್ತಿದರೆ ಮಣ್ಣು ಹೆಚ್ಚಿಸಿ. ಗೋಡೆ ನೆನೆಸದೆ ಬಳಿದರೆ ಅಂಟುವುದಿಲ್ಲ. ಅರ್ಧ ಇಂಚಿಗಿಂತ ದಪ್ಪ ಒಮ್ಮೆಗೇ ಬೇಡ.

ಮೇಲೆ ಸುಣ್ಣ. ಒಂದು ಕಿಲೋ ಸುಟ್ಟ, ಆದರೆ ಇನ್ನೂ ನೀರು ಹಾಕಿ ಅರಳಿಸದ ಸುಣ್ಣಕ್ಕೆ ಸುಮಾರು ಐದು ಲೀಟರ್ ನೀರು. ಅರಳುವಾಗ ಕುದಿಯುತ್ತದೆ, ಪ್ಲಾಸ್ಟಿಕ್ ಬಕೆಟ್ ಬೇಡ, ಮುಖ ಬಗ್ಗಿಸಿ ನೋಡಬೇಡಿ, ಕಣ್ಣಿಗೆ ಸಿಡಿದರೆ ಅಪಾಯ. ಒಂದು ದಿನ ಬಿಟ್ಟು ಒರಟು ಬಟ್ಟೆಯಲ್ಲಿ ಸೋಸಿ, ಲೀಟರಿಗೆ ನಾಲ್ಕು ಗ್ರಾಂ ಲೆಕ್ಕದಲ್ಲಿ ಬಿಸಿನೀರಿನಲ್ಲಿ ಕರಗಿಸಿದ ಗೋಂದು ಸೇರಿಸಿ. ತೆಳುವಾಗಿ ಮೂರು ಕೈ ಬಳಿಯಿರಿ. ಹೊಸ ಸುಣ್ಣದ ಕ್ಷಾರದಲ್ಲಿ ಬೂಷ್ಟು ಬೆಳೆಯದು. ವರ್ಷಗಳಲ್ಲಿ ಆ ಕ್ಷಾರ ಕಳೆಯುತ್ತದೆ, ಹಬ್ಬಕ್ಕೆ ಹಬ್ಬಕ್ಕೆ ಬಳಿಯುವ ರೂಢಿಯನ್ನು ಬಿಡದಿರಿ.

ಒಂದು ಮಾತು: ಸೌದೆ ಒಲೆಯ ಹೊಗೆಯನ್ನು ಮಣ್ಣಿನ ಗೋಡೆ ನುಂಗುವುದಿಲ್ಲ. ಅದಕ್ಕೆ ಬೆಳಕಿಂಡಿ, ಹೊಗೆ ಕೊಳವೆಯೇ ಬೇಕು.

ಪ್ರಶ್ನೆ: ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ. ಕೋಣೆಯಲ್ಲೇ ಹಗ್ಗ ಕಟ್ಟಿ, ಸಿಗಡಿಯಲ್ಲಿ ಕೆಂಡ ಇಟ್ಟು ಬಾಗಿಲು ಹಾಕುತ್ತೇವೆ. ಪಕ್ಕದಲ್ಲಿ ಇದ್ದಿಲಿನ ಚೀಲ ಇಟ್ಟರೆ ಹೊಗೆ ಹೀರುತ್ತದೆಯೇ?
– ಓದುಗರು, ಕೊಪ್ಪಳ

ಉತ್ತರ: ಇವತ್ತೇ ನಿಲ್ಲಿಸಿ. ಮುಚ್ಚಿದ ಕೋಣೆಯ ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ. ಇದ್ದಿಲು, ಹರಳು, ಸುಣ್ಣ ಯಾವುದೂ ಅದನ್ನು ಹಿಡಿಯದು. ಬಟ್ಟೆಯನ್ನು ವರಾಂಡದಲ್ಲಿ, ಒಂದಕ್ಕೊಂದು ತಾಗದಂತೆ ಹರವಿ ಫ್ಯಾನ್ ಹಾಕಿ.

ಪ್ರಶ್ನೆ: ಬೇಸಿಗೆಯಲ್ಲಿ ಏರ್ ಕೂಲರ್ ಹಾಕಿದರೆ ಹಾಸಿಗೆಯೆಲ್ಲ ಜಿಬುಜಿಬು, ಕೂಲರಿನಿಂದ ಕೆರೆ ವಾಸನೆ. ಕೂಲರಿನ ಮುಂದೆ ಸಿಲಿಕಾ ಜೆಲ್ ಇಡಬಹುದೇ?
– ವಿದ್ಯಾರ್ಥಿ, ರಾಯಚೂರು

ಉತ್ತರ: 40 ಲೀಟರಿನ ಟ್ಯಾಂಕು ರಾತ್ರಿ ಬರಿದಾಗುತ್ತದೆ ಎಂದರೆ ಆ 40 ಲೀಟರೂ ನಿಮ್ಮ ಕೋಣೆಯ ಗಾಳಿಗೇ ಹೋಗಿದೆ. ಅದರೆದುರು ಹರಳು ಇಡುವುದು ತಮಾಷೆ. ತಪ್ಪು ಇರುವುದು ಮುಚ್ಚಿದ ಕಿಟಕಿಯಲ್ಲಿ. ಕೂಲರ್ ಕಿಟಕಿಯ ಹೊರಗಿನ ಒಣ ಗಾಳಿಯನ್ನು ಎಳೆಯಬೇಕು, ಎದುರು ದಿಕ್ಕಿನ ಕಿಟಕಿ ಒಂದು ಗೇಣು ತೆರೆದಿರಬೇಕು. ಕೋಣೆಯದೇ ಗಾಳಿಯನ್ನು ಸುತ್ತಿಸಿದರೆ ತಂಪೂ ಹೋಗುತ್ತದೆ, ಜಿಬುಜಿಬೂ ಉಳಿಯುತ್ತದೆ. ವಾಸನೆ ಪ್ಯಾಡಿನಲ್ಲಿ ಬೆಳೆದ ಪಾಚಿಯದ್ದು. ಆರಿಸುವ ಮೊದಲು ಪಂಪ್ ನಿಲ್ಲಿಸಿ ಅರ್ಧ ಗಂಟೆ ಬರೀ ಫ್ಯಾನ್ ಓಡಿಸಿ ಪ್ಯಾಡ್ ಒಣಗಿಸಿ. ವಾರಕ್ಕೊಮ್ಮೆ ತಪ್ಪದೆ ಟ್ಯಾಂಕು ಬರಿದು ಮಾಡಿ ಉಜ್ಜಿ ತೊಳೆಯಿರಿ, ಡೆಂಗಿ ಸೊಳ್ಳೆಗೂ ಅದೇ ಮದ್ದು. ಬೋರ್‌ವೆಲ್ಲಿನ ಗಡಸು ನೀರಾದರೆ ಪ್ಯಾಡಿಗೆ ಬಿಳಿ ಸುಣ್ಣ ಕಟ್ಟುತ್ತದೆ, ಕಟ್ಟಿ ಗಟ್ಟಿಯಾದ ಪ್ಯಾಡ್ ಬದಲಿಸಿ.

ಪ್ರಶ್ನೆ: ಅಡುಗೆಮನೆಯ ಸೂರಿನಲ್ಲಿ ಬೂಷ್ಟು. ನಾವು ಸೌದೆ ಉರಿಸುವುದಿಲ್ಲ, ಗ್ಯಾಸೇ ಇರುವುದು. ತೇವ ಎಲ್ಲಿಂದ?
– ಗೃಹಿಣಿ, ತೋರಣಗಲ್ಲು

ಉತ್ತರ: ಗ್ಯಾಸಿನಿಂದಲೇ. ಒಂದು ಕಿಲೋ ಎಲ್‌ಪಿಜಿ ಉರಿದರೆ ಸುಮಾರು 1.6 ಕಿಲೋ ನೀರಾವಿ ಹುಟ್ಟುತ್ತದೆ. 14.2 ಕಿಲೋ ಸಿಲಿಂಡರ್ ಮುಗಿಯುವಷ್ಟರಲ್ಲಿ 22 ಲೀಟರಿಗೂ ಹೆಚ್ಚು ನೀರು ಅಡುಗೆಮನೆಯ ಗಾಳಿಗೆ ಸೇರಿರುತ್ತದೆ. ಅನ್ನ, ಬೇಳೆಯ ಹಬೆ ಬೇರೆ. ಒಲೆಯ ಮೇಲ್ಗಡೆಯ ಗೋಡೆಯಲ್ಲಿ ಒಂಬತ್ತು ಇಂಚಿನ ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಒಲೆ ಹಚ್ಚುವಾಗಲೇ ಶುರು ಮಾಡಿ, ಆರಿಸಿದ ಮೇಲೂ ಕಾಲು ಗಂಟೆ ಓಡಲಿ. ಎದುರಿನ ಬಾಗಿಲೋ ಕಿಟಕಿಯೋ ತೆರೆದಿರದಿದ್ದರೆ ಫ್ಯಾನ್ ಸದ್ದು ಮಾತ್ರ ಮಾಡುತ್ತದೆ. ಮಿರ್ಚಿ ಕರಿಯುವ ಎಣ್ಣೆಹೊಗೆಯ ಸಣ್ಣ ಕಣಗಳೂ ಅದೇ ದಾರಿಯಲ್ಲಿ ಹೋಗಬೇಕು.

ಪ್ರಶ್ನೆ: ಕಿಟಕಿ ತೆರೆದರೆ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ ಬರುತ್ತದೆ. ತೇವ ಹೀರುವ ಹರಳು ಧೂಳನ್ನೂ ಹಿಡಿಯುತ್ತದೆಯೇ?
– ಓದುಗರು, ಶಕ್ತಿನಗರ

ಉತ್ತರ: ಇಲ್ಲ. ಒದ್ದೆ ಬಟ್ಟೆಯಿಂದ ನೆಲ, ಕಿಟಕಿಯ ಕಟ್ಟೆ ಒರೆಸಿ, ಒಣ ಪೊರಕೆಯಿಂದ ಗುಡಿಸಬೇಡಿ. ಗಾಳಿ ನಿಮ್ಮ ಮನೆಯತ್ತ ಬೀಸದ ಹೊತ್ತು ನೋಡಿ ಕಿಟಕಿ ತೆರೆಯಿರಿ. ಯಂತ್ರ ಕೊಳ್ಳುವುದಾದರೆ ಅತಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ಏರ್ ಪ್ಯೂರಿಫೈಯರ್ ನೋಡಿ.

ಪ್ರಶ್ನೆ: ಹೊಸ ಪ್ಲೈವುಡ್ ವಾರ್ಡ್‌ರೋಬ್ ಬಾಗಿಲು ತೆಗೆದರೆ ಕಣ್ಣುರಿ. ಮಳೆ ಬಂದ ದಿನ ಇನ್ನೂ ಜಾಸ್ತಿ. ಬಡಗಿ ಕರ್ಪೂರ ಇಡಿ ಎಂದ.
– ಓದುಗರು, ಬಳ್ಳಾರಿ

ಉತ್ತರ: ನಿಮ್ಮ ಮೂಗು ಸರಿಯಾಗಿಯೇ ಹಿಡಿದಿದೆ. ಅಗ್ಗದ ಪ್ಲೈವುಡ್, ಪಾರ್ಟಿಕಲ್ ಬೋರ್ಡ್, ಎಂಡಿಎಫ್‌ಗಳ ಯೂರಿಯಾ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಕಣ್ಣುರಿಸುವ ಅನಿಲ ಹೊರಡುತ್ತದೆ. ತೇವ ಆ ಅಂಟನ್ನು ಒಡೆಯುತ್ತದೆ, ಸೆಕೆ ಅದಕ್ಕೆ ಜೊತೆಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಕೊಟ್ಟ ಮಿತಿ ಘನ ಮೀಟರಿಗೆ 0.1 ಮಿಲಿಗ್ರಾಂ. ಇಲ್ಲಿ ಹರಳಿಗೆ ನಿಜವಾದ ಕೆಲಸವಿದೆ: ಮಳೆಗಾಲದಲ್ಲಿ ಒಳಗಿನ ತೇವ ತಗ್ಗಿಸಿದರೆ ಹೊರಡುವ ಅನಿಲವೂ ತಗ್ಗುತ್ತದೆ. ಆದರೆ ಪೂರ್ತಿ ಪರಿಹಾರ ಅದಲ್ಲ. ಬೇಸಿಗೆಯಲ್ಲಿ ಬಾಗಿಲು, ಕಿಟಕಿ ತೆರೆದು, ಫ್ಯಾನ್ ಹಾಕಿ ವಾರಗಟ್ಟಲೆ ಅನಿಲ ಹೊರಹೋಗಲು ಬಿಡಿ. ಸನ್ಮೈಕಾ ಹಚ್ಚದ ಹಿಂಬದಿ, ಕತ್ತರಿಸಿದ ಅಂಚು, ಹಿಂಜಿನ ತೂತು – ಅನಿಲ ಹೆಚ್ಚು ಬರುವುದು ಇಲ್ಲಿಂದ – ಇವನ್ನು ಪಾಲಿಶ್‌ನಿಂದ ಮುಚ್ಚಿಸಿ. ಕರ್ಪೂರ ವಾಸನೆ ಮರೆಸುತ್ತದೆ, ಗಾಳಿಗೆ ತನ್ನ ಆವಿಯನ್ನೂ ಸೇರಿಸುತ್ತದೆ. ಮುಂದೆ ಮಾಡಿಸುವಾಗ ಫಿನಾಲ್ ಅಂಟಿನ ಬಿಡಬ್ಲ್ಯೂಆರ್ (ಕುದಿನೀರು ತಡೆಯುವ) ದರ್ಜೆ, ಫಾರ್ಮಾಲ್ಡಿಹೈಡ್ ಕಡಿಮೆ ಬಿಡುತ್ತದೆ ಎಂದು ಸೂಚಿಸುವ ಇ1 ಅಥವಾ ಇ0 ಮುದ್ರೆ ಕೇಳಿ.

ಪ್ರಶ್ನೆ: ಕೋಣೆಯ ಮೂಲೆಯಲ್ಲಿ ಬಟ್ಟಲು ಉಪ್ಪು ಇಟ್ಟರೆ ಸಾಕು ಎನ್ನುತ್ತಾರೆ. ಆರ್ದ್ರತೆ ಅಳೆಯುವ ಮೀಟರನ್ನು ನಂಬಬಹುದೇ?
– ಶಿಕ್ಷಕರು, ಮಾನ್ವಿ

ಉತ್ತರ: ಅಡುಗೆ ಉಪ್ಪು ಗಾಳಿಯ ತೇವ ಎಳೆಯಲು ಶುರು ಮಾಡುವುದೇ 75% ದಾಟಿದ ಮೇಲೆ. ಬೂಷ್ಟಿಗೆ ಬೇಕಾದ ತೇವ ಅದಕ್ಕಿಂತ ಕೆಳಗೇ ಸಿಗುತ್ತದೆ, ಹಾಗಾಗಿ ಬಟ್ಟಲು ಉಪ್ಪಿನಿಂದ ಲಾಭವಿಲ್ಲ. ಆದರೆ ಅದೇ ಗುಣದಿಂದ ಮೀಟರನ್ನು ಪರೀಕ್ಷಿಸಬಹುದು. ಬಾಟಲಿಯ ಮುಚ್ಚಳದಲ್ಲಿ ಒಂದು ಚಮಚ ಉಪ್ಪು ಹಾಕಿ, ಕರಗದಂತೆ ಹಸಿ ಮರಳಿನಷ್ಟು ಮಾತ್ರ ನೆನೆಸಿ. ಅದನ್ನೂ ಡಿಜಿಟಲ್ ಹೈಗ್ರೋಮೀಟರನ್ನೂ ಗಾಳಿಯಾಡದ ಪಾರದರ್ಶಕ ಡಬ್ಬಿಯಲ್ಲಿ ಮುಚ್ಚಿ ಒಂದು ರಾತ್ರಿ ನೆರಳಿನಲ್ಲಿ ಇಡಿ. ಉಪ್ಪು ಮೀಟರಿಗೆ ತಾಗಬಾರದು. ಬೆಳಿಗ್ಗೆ ಮುಚ್ಚಳ ತೆಗೆಯದೆ ಓದಿ, 75 ತೋರಿಸಬೇಕು. 79 ತೋರಿಸಿದರೆ ಮೀಟರಿನ ಹಿಂದೆ ‘ಕಳೆ 4’ ಎಂದು ಚೀಟಿ ಅಂಟಿಸಿ ಬಳಸಿ.